ಏಪ್ರಿಲ್‌ನಿಂದ ನಿಮ್ಮ ಎಸಿ, ಹೀಟ್ ಪಂಪ್‌ಗಳು ಬಿಎಂಎಸ್ ನೆಟ್‌ವರ್ಕ್‌ಗೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ, ನಮಸ್ಕಾರ.

ಏಪ್ರಿಲ್ 1ರಿಂದ ನವೀಕರಣವಾಗುವ ಎಎಂಸಿಗಳಲ್ಲಿ (ವಾರ್ಷಿಕ ನಿರ್ವಹಣಾ ಒಪ್ಪಂದಗಳಲ್ಲಿ) ಒಂದು ಬದಲಾವಣೆ ಮಾಡುತ್ತಿದ್ದೇವೆ. ನಿಮ್ಮ ಹೋಟೆಲ್, ನರ್ಸಿಂಗ್ ಹೋಂ, ಕಲ್ಯಾಣ ಮಂಟಪ ಅಥವಾ ಆಫೀಸಿನಲ್ಲಿ ವಿಆರ್‌ಎಫ್ (ಒಂದೇ ಔಟ್‌ಡೋರ್‌ನಿಂದ ಹಲವು ರೂಮು ತಂಪು ಮಾಡುವ ಎಸಿ), ಚಿಲ್ಲರ್ (ನೀರು ತಣ್ಣಗೆ ಮಾಡಿ ಕಟ್ಟಡ ತಂಪು ಮಾಡುವ ಮೆಷಿನ್), ಬಿಸಿನೀರಿನ ಹೀಟ್ ಪಂಪ್ ಇದ್ದು, ಕಟ್ಟಡಕ್ಕೆ ಬಿಎಂಎಸ್ (ಕಟ್ಟಡದ ಮೆಷಿನ್‌ಗಳನ್ನೆಲ್ಲ ಒಂದೇ ಸ್ಕ್ರೀನಿನಿಂದ ನೋಡಿಕೊಳ್ಳುವ ವ್ಯವಸ್ಥೆ) ಕೂಡ ಇದ್ದರೆ, ಅವನ್ನು ಇನ್ನು ಮುಂದೆ ರಿಲೇ, ಟೈಮರ್ ಇಟ್ಟು ಜೋಡಿಸುವುದಿಲ್ಲ. ಗೇಟ್‌ವೇ (ಎಸಿಯ ಮಾತನ್ನು ಬಿಎಂಎಸ್‌ಗೆ ಅರ್ಥವಾಗುವಂತೆ ಬದಲಿಸುವ ಪೆಟ್ಟಿಗೆ) ಹಾಕಿ, ಮಾಡ್‌ಬಸ್ ಅಥವಾ ಬ್ಯಾಕ್‌ನೆಟ್ ಎಂಬ ಪ್ರೋಟೊಕಾಲ್‌ನಲ್ಲೇ, ಅಂದರೆ ಮೆಷಿನ್‌ಗಳು ತಮ್ಮಲ್ಲಿ ಮಾತಾಡುವ ಭಾಷೆಯಲ್ಲೇ, ಜೋಡಿಸುತ್ತೇವೆ. ಬರೀ ಸ್ಪ್ಲಿಟ್ ಎಸಿ ಇಟ್ಟುಕೊಂಡಿರುವ ಮನೆ, ಅಂಗಡಿಯವರಿಗೆ ಏನೂ ಬದಲಾಗುವುದಿಲ್ಲ. ಅವರು ಪತ್ರವನ್ನು ಇಲ್ಲಿಗೇ ಬಿಡಬಹುದು.

ರಿಲೇ ಹೇಳುವುದು ಎರಡೇ: ಓಡುತ್ತಿದೆ, ಇಲ್ಲವೇ ನಿಂತಿದೆ. ಯಾಕೆ ನಿಂತಿತು ಎಂದು ತಿಳಿಯಲು ನಮ್ಮ ಹುಡುಗ ಟೆರೇಸ್ ಹತ್ತಿ, ಔಟ್‌ಡೋರ್ ಯೂನಿಟ್‌ನ ಕವರ್ ಬಿಚ್ಚಿ, ಬೋರ್ಡಿನ ಮೇಲಿನ ಕೋಡ್ ಓದಬೇಕು. ಆಮೇಲೆ ಸ್ಪೇರ್‌ಗೆ ಬೆಂಗಳೂರಿಗೆ ಫೋನ್. ಆ ಕೋಡ್ ನಿಮ್ಮ ಸ್ಕ್ರೀನಿನಲ್ಲೇ ಕಂಡು ನಮಗೆ ಫೋನಿನಲ್ಲಿ ಹೇಳಿದರೆ, ಬೇಕಾದ ಸೆನ್ಸರ್ ಜೇಬಿನಲ್ಲಿಟ್ಟುಕೊಂಡೇ ಬರುತ್ತಾನೆ.

ಟೈಮರ್‌ನ ತೊಂದರೆ ಇದಕ್ಕಿಂತ ದೊಡ್ಡದು. ರಾತ್ರಿ ಕರೆಂಟ್ ಉಳಿಸಲೆಂದು ಟೈಮರ್‌ಗೆ ಕಾಂಟ್ಯಾಕ್ಟರ್ (ದೊಡ್ಡ ಸ್ವಿಚ್) ಹಾಕಿ ಮೇನ್ ಸಪ್ಲೈಯನ್ನೇ ಕತ್ತರಿಸುವುದನ್ನು ಸುಮಾರು ಕಡೆ ನೋಡುತ್ತೇವೆ. ಆಗ ಕಂಪ್ರೆಸರಿನ ಎಣ್ಣೆಯನ್ನು ಬೆಚ್ಚಗಿಡುವ ಕ್ರ್ಯಾಂಕ್‌ಕೇಸ್ ಹೀಟರ್ ಕೂಡ ಆರುತ್ತದೆ. ತಣ್ಣಗಾದ ಎಣ್ಣೆಯೊಳಗೆ ಗ್ಯಾಸ್ ಸೇರಿಕೊಂಡು, ಬೆಳಗ್ಗೆ ಸ್ಟಾರ್ಟ್ ಆದಾಗ ಎಣ್ಣೆ ನೊರೆಯೇಳುತ್ತದೆ, ಬೇರಿಂಗ್‌ಗೆ ಸರಿಯಾಗಿ ಸಿಗುವುದಿಲ್ಲ. ಹೀಗೆ ಉಳಿಸಿದ ದುಡ್ಡು ಕಂಪ್ರೆಸರ್ ಬದಲಿಸಲಿಕ್ಕೂ ಸಾಲದು. ನೆಟ್‌ವರ್ಕ್‌ನಲ್ಲಿದ್ದರೆ ಸಪ್ಲೈ ಹಾಗೇ ಇರುತ್ತದೆ, ಮೆಷಿನ್‌ಗೆ ನಿಲ್ಲು ಎಂಬ ಸೂಚನೆಯಷ್ಟೇ ಹೋಗುತ್ತದೆ.

ಮೈಸೂರಿನಲ್ಲಿ ರೂಮು ಬಿಸಿ ಮಾಡುವ ಪ್ರಶ್ನೆ ಇಲ್ಲ, ಬಿಸಿ ಎಂದರೆ ಸ್ನಾನದ ನೀರು. ಹೀಟ್ ಪಂಪ್ ರಾತ್ರಿ ಟ್ರಿಪ್ ಆದರೆ ಈಗ ನಿಮಗೆ ಗೊತ್ತಾಗುವುದು ಬೆಳಗ್ಗೆ ಆರಕ್ಕೆ, ಚಾಮುಂಡಿ ಬೆಟ್ಟಕ್ಕೆ ಹೊರಟ ಗೆಸ್ಟ್ ಟವಲ್ ಸುತ್ತಿಕೊಂಡು ರಿಸೆಪ್ಶನ್‌ಗೆ ಫೋನ್ ಮಾಡಿದಾಗ. ಟ್ಯಾಂಕಿನ ಉಷ್ಣಾಂಶ ನೆಟ್‌ವರ್ಕ್‌ನಲ್ಲಿದ್ದರೆ, ಇಳಿಯಲು ಶುರುವಾದಾಗಲೇ ನೈಟ್ ಡ್ಯೂಟಿಯವರಿಗೆ ಅಲಾರಂ ಬರುತ್ತದೆ.

ನಾವು ಆರಿಸಿಕೊಂಡ ಎರಡೂ ಪ್ರೋಟೊಕಾಲ್ ಹಳೆಯವು, ಬೇಕೆಂದೇ ಆರಿಸಿದ್ದು. ಮಾಡ್‌ಬಸ್ 1979ರಲ್ಲಿ ಮಾಡಿಕಾನ್ ಕಂಪನಿ ಪಿಎಲ್‌ಸಿಗಳಿಗೆಂದು (ಫ್ಯಾಕ್ಟರಿ ಮೆಷಿನ್ ನಡೆಸುವ ಕಂಟ್ರೋಲರ್‌ಗಳಿಗೆಂದು) ಮಾಡಿದ್ದು. ಹೆಬ್ಬಾಳ, ಹೂಟಗಳ್ಳಿಯ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡಿದ ಎಲೆಕ್ಟ್ರಿಷಿಯನ್‌ಗಳಿಗೆ ಇದರ ಪರಿಚಯ ಇರುತ್ತದೆ. ಬ್ಯಾಕ್‌ನೆಟ್ ಕಟ್ಟಡಗಳಿಗೆಂದೇ ಹುಟ್ಟಿದ್ದು: ಅಮೆರಿಕದ ಎಸಿ ಇಂಜಿನಿಯರ್‌ಗಳ ಸಂಸ್ಥೆ ಆಶ್ರೇ 1987ರಲ್ಲಿ ಕೈಹಾಕಿ 1995ರಲ್ಲಿ ಸ್ಟ್ಯಾಂಡರ್ಡ್ ಆಗಿ ಹೊರತಂದಿತು, 2003ರಲ್ಲಿ ಅದು ಐಎಸ್‌ಒ ಸ್ಟ್ಯಾಂಡರ್ಡ್ ಕೂಡ ಆಯಿತು. ಇವು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ನಾಳೆ ನೀವು ಬೇರೆಯವರಿಗೆ ಎಎಂಸಿ ಕೊಟ್ಟರೆ ಅವರೂ ಇದೇ ವೈರ್, ಇದೇ ರಿಜಿಸ್ಟರ್ ಪಟ್ಟಿ (ಯಾವ ಸ್ಥಾನದಲ್ಲಿ ಯಾವ ಮಾಹಿತಿ ಇದೆ ಎಂಬ ಪಟ್ಟಿ) ಹಿಡಿದು ಮುಂದುವರಿಯಬಹುದು. ಮೆಷಿನ್ ಕಂಪನಿಯ ಸ್ವಂತ ಆ್ಯಪ್‌ಗೇ ನಿಮ್ಮನ್ನು ಕಟ್ಟಿಹಾಕಿದ್ದರೆ ನಮ್ಮ ವ್ಯಾಪಾರಕ್ಕೆ ಸುಲಭವಿತ್ತು, ನಿಜ.

ಮಾಡ್‌ಬಸ್ ಬರೀ ಅಂಕಿ ಕೊಡುತ್ತದೆ. 245 ಎಂದು ಬಂದರೆ ಅದು 24.5 ಡಿಗ್ರಿ ಎಂದು ಕಂಪನಿಯ ರಿಜಿಸ್ಟರ್ ಪಟ್ಟಿ ನೋಡಿಯೇ ತಿಳಿಯಬೇಕು. ಕೆಲವರು ಸೊನ್ನೆಯಿಂದ ಎಣಿಸುತ್ತಾರೆ, ಕೆಲವರು ಒಂದರಿಂದ. ಒಂದು ಸ್ಥಾನ ಜಾರಿದರೆ ಫ್ಯಾನ್ ಸ್ಪೀಡ್ ಇರಬೇಕಾದ ಕಡೆ ಉಷ್ಣಾಂಶ ಕೂತಿರುತ್ತದೆ. ಅದಕ್ಕೇ ಹ್ಯಾಂಡೋವರ್ ದಿನ ಒಬ್ಬರು ರಿಮೋಟ್ ಹಿಡಿದು ರೂಮಿನಲ್ಲಿ, ಇನ್ನೊಬ್ಬರು ಸ್ಕ್ರೀನಿನ ಮುಂದೆ ಕೂತು ಒಂದೊಂದೇ ರೂಮು ತಾಳೆ ನೋಡುತ್ತಾರೆ. 203ರಲ್ಲಿ 22ಕ್ಕೆ ಇಳಿಸಿದರೆ ಸ್ಕ್ರೀನಿನಲ್ಲೂ 203ರಲ್ಲೇ ಇಳಿಯಬೇಕು, 204ರಲ್ಲಲ್ಲ. ಬೇಸರದ ಕೆಲಸ. ಆದರೂ ನಿಮ್ಮ ಮ್ಯಾನೇಜರ್ ಜೊತೆಗಿದ್ದು ಸಹಿ ಹಾಕಲಿ.

ವೈರಿಂಗ್ ವಿಷಯದಲ್ಲಿ ನಾವು ಹಟ ಬಿಡುವುದಿಲ್ಲ. ಮಾಡ್‌ಬಸ್ ಸಾಗುವ ಆರ್‌ಎಸ್-485 ಕೇಬಲ್ಲನ್ನು ಜಂಕ್ಷನ್ ಬಾಕ್ಸಿನಿಂದ ನಾಲ್ಕು ದಿಕ್ಕಿಗೆ ಕವಲು ತೆಗೆಯುವಂತಿಲ್ಲ; ಹೂವು ಪೋಣಿಸಿದ ಹಾಗೆ ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಸಾಗಬೇಕು. ಎರಡು ತುದಿಗೂ 120 ಓಮ್ ರೆಸಿಸ್ಟರ್, ಶೀಲ್ಡ್‌ಗೆ ಒಂದೇ ಕಡೆ ಅರ್ಥಿಂಗ್. ಕಡಿಮೆ ಸ್ಪೀಡಿನಲ್ಲಿ 1200 ಮೀಟರ್‌ವರೆಗೂ ಎಳೆಯಬಹುದು, ಆದರೆ ಪವರ್ ಕೇಬಲ್ ಇರುವ ಪೈಪಿನಲ್ಲೇ ತೂರಿಸಿದರೆ ಪಕ್ಕದ ರೂಮಿಗೂ ಸರಿಯಾಗಿ ತಲುಪುವ ಭರವಸೆಯಿಲ್ಲ. "ಹೇಗೂ ಪೈಪ್ ಇದೆಯಲ್ಲ ಸಾರ್" ಎಂದು ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ರಿಮೋಟ್ ಕಿತ್ತುಕೊಳ್ಳುತ್ತೀರಾ ಎಂದು ಆಗಲೇ ಕೆಲವರು ಕೇಳಿದ್ದಾರೆ. ಇಲ್ಲ. ರಿಮೋಟ್ ಅಲ್ಲೇ ಇರುತ್ತದೆ. ಬೇಕಾದವರಿಗೆ ಕನಿಷ್ಠ ಉಷ್ಣಾಂಶದ ಮಿತಿ ಹಾಕಿಕೊಡುತ್ತೇವೆ. ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು 2020ರ ಜನವರಿಯಿಂದ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿತಾಯ ಎಂದು ಸ್ಟಾರ್ ಲೇಬಲ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ ಹೇಳುತ್ತದೆ. ಆಫೀಸುಗಳಿಗೆ ಈ ಮಿತಿ ಒಳ್ಳೆಯದು. ಕಲ್ಯಾಣ ಮಂಟಪಕ್ಕೆ ಬೇಡ ಎಂಬುದು ನಮ್ಮ ಸಲಹೆ. ಮುಹೂರ್ತದ ಹೊತ್ತಿಗೆ ಹೋಮದ ಹೊಗೆ, ತುಂಬಿದ ಜನ, ತೆರೆದ ಬಾಗಿಲು. ಸೆಕೆಯಾದರೆ ಹುಡುಗಿ ಕಡೆಯವರು ಹುಡುಕಿಕೊಂಡು ಬರುವುದು ನಿಮ್ಮನ್ನೇ, ನಮ್ಮನ್ನಲ್ಲ.

ಫೈರ್ ಅಲಾರಂ ಬಂದಾಗ ಎಎಚ್‌ಯು (ಡಕ್ಟ್‌ಗಳಿಗೆ ಗಾಳಿ ತಳ್ಳುವ ದೊಡ್ಡ ಯೂನಿಟ್) ನಿಲ್ಲಿಸುವ ವೈರ್ ಮಾತ್ರ ಮೊದಲಿನ ಹಾಗೆ ನೇರವಾಗಿಯೇ ಇರುತ್ತದೆ. ಅದನ್ನು ನೆಟ್‌ವರ್ಕ್ ನಂಬಿ ಬಿಡುವುದಿಲ್ಲ.

ಇನ್ನು ಇಂಟರ್‌ನೆಟ್. ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ಓಡುವ ಬ್ಯಾಕ್‌ನೆಟ್ ಐಪಿ ಸಾಮಾನ್ಯವಾಗಿ 47808 ಎಂಬ ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು) ಬಳಸುತ್ತದೆ. ಈಗ ಹೆಚ್ಚಿನ ಕಡೆ ಇರುವ ರೂಪದಲ್ಲಿ ಅದು ಪಾಸ್‌ವರ್ಡ್ ಕೇಳುವುದಿಲ್ಲ. ನೆಟ್‌ವರ್ಕ್ ಒಳಗೆ ಬಂದವರು ಯಾರೇ ಆದರೂ ಎಸಿ ಆರಿಸಬಹುದು. ಆದ್ದರಿಂದ ಗೆಸ್ಟ್ ವೈಫೈ ಬೇರೆ, ಇದು ಬೇರೆ. ರೂಟರ್‌ನಲ್ಲಿ ಈ ಪೋರ್ಟ್ ತೆರೆದುಕೊಡಿ ಎಂದು ಯಾರೇ ಕೇಳಿದರೂ, ನಮ್ಮ ಹುಡುಗರೇ ಕೇಳಿದರೂ ಕೊಡಬೇಡಿ. ಗೇಟ್‌ವೇ, ಬಿಎಂಎಸ್ ಪಾಸ್‌ವರ್ಡ್‌ಗಳೂ ರಿಜಿಸ್ಟರ್ ಪಟ್ಟಿಯೂ ಮುದ್ರಿತ ಪ್ರತಿಯಾಗಿ ನಿಮ್ಮ ಫೈಲಿನಲ್ಲಿರುತ್ತವೆ.

ಖರ್ಚಿನ ಬಗ್ಗೆ: ಎಎಂಸಿ ದರ ಇದಕ್ಕಾಗಿ ಏರುವುದಿಲ್ಲ. ಗೇಟ್‌ವೇ, ಕೇಬಲ್, ಕೆಲಸದ ಕೂಲಿ ಒಂದು ಸಲದ ಖರ್ಚು, ಕೊಟೇಶನ್ ಬೇರೆಯಾಗಿಯೇ ಕೊಡುತ್ತೇವೆ. ಗೇಟ್‌ವೇ ಬೆಲೆ ಕಂಪನಿಯಿಂದ ಕಂಪನಿಗೆ ತುಂಬ ಬದಲಾಗುವುದರಿಂದ ಸೈಟ್ ನೋಡದೆ ಫೋನಿನಲ್ಲಿ ಹೇಳುವುದಿಲ್ಲ. ಈ ವರ್ಷ ಬೇಡ ಎನ್ನುವವರು ಹಳೆಯ ರೀತಿಯಲ್ಲೇ ಎಎಂಸಿ ಮುಂದುವರಿಸಬಹುದು, ಆದರೆ ಮೇನ್ ಕತ್ತರಿಸುವ ಟೈಮರ್ ಇದ್ದರೆ ಅದನ್ನು ತೆಗೆಯಲೇಬೇಕು.

ಸೈಟ್ ನೋಡಲು ಬರುವ ಮೊದಲು ಔಟ್‌ಡೋರ್ ಯೂನಿಟ್‌ನ ನೇಮ್‌ಪ್ಲೇಟ್ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಮಾಡೆಲ್ ನಂಬರ್ ಓದುವಂತಿರಲಿ. ಹೋಟೆಲಿನವರು ಮಳೆಗಾಲದಲ್ಲೇ ಕೆಲಸ ಮುಗಿಸಿಕೊಂಡರೆ ಒಳ್ಳೆಯದು; ದಸರಾ ಬುಕಿಂಗ್ ತುಂಬಿದ ಮೇಲೆ ರೂಮಿನ ಫಾಲ್ಸ್ ಸೀಲಿಂಗ್ ಬಿಚ್ಚಲು ನೀವೂ ಬಿಡುವುದಿಲ್ಲ, ನಾವೂ ಕೇಳುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಎಸಿ ಸರ್ವಿಸ್ ತಂಡ, ಮೈಸೂರು