ಗಚ್ಚಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ

ಮಾನ್ಯ ಸಂಪಾದಕರೇ,

ಆಳಂದ ತಾಲೂಕಿನ ನಮ್ಮ ಊರಲ್ಲಿ ಒಂದು ಹಳೇ ಹನುಮಪ್ಪನ ಗುಡಿ ಇದೆ. ಕಪ್ಪು ಕಲ್ಲಿನ ಗೋಡೆ, ಅದರ ಮೇಲೆ ಗಚ್ಚು, ಅಂದರೆ ಸುಣ್ಣದ ಗಾರೆ. ಯಾವ ಇಲಾಖೆಯ ಬೋರ್ಡೂ ಅಲ್ಲಿಲ್ಲ. ಈ ವರ್ಷ ಜೀರ್ಣೋದ್ಧಾರ ಮಾಡೋಣ ಎಂದು ಊರವರು ಪಟ್ಟಿ ಎತ್ತಿದ್ದಾರೆ, ದುಡ್ಡೂ ಚೆನ್ನಾಗಿ ಕೂಡಿದೆ, ಅದು ಸಂತೋಷದ ವಿಷಯ. ಆದರೆ ಮೊನ್ನೆ ಕಮಿಟಿಯವರು ಎಸ್ಟಿಮೇಟ್ ಓದಿ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಹಳೇ ಗಚ್ಚನ್ನೆಲ್ಲ ಕೆತ್ತಿ ತೆಗೆದು ಸಿಮೆಂಟ್ ಪ್ಲಾಸ್ಟರ್ ಮಾಡಿಸುವುದು, ಕೆತ್ತನೆ ಇರುವ ಕಂಬಗಳಿಗೆ ಆಯಿಲ್ ಪೇಂಟ್, ಒಳಗೆ ಸೊಂಟದ ಎತ್ತರದವರೆಗೆ ಟೈಲ್ಸ್. ನಾನು ಎದ್ದು ನಿಂತು ಸುಣ್ಣದಲ್ಲೇ ಮಾಡಿಸೋಣ ಎಂದೆ. "ಏನ್ರೀ, ಈಗಿನ ಕಾಲದಾಗ ಸುಣ್ಣ ಅಂತೀರಲ್ಲ, ಸಿಮೆಂಟ್ ಹಾಕಿದ್ರ ನೂರು ವರ್ಷ ಆ ಕಡಿ ನೋಡಂಗಿಲ್ಲ" ಎಂದರು ಒಬ್ಬ ಹಿರಿಯರು. ಅವರ ಮೇಲೆ ನನಗೆ ಸಿಟ್ಟಿಲ್ಲ. 15 ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ, ಅದನ್ನು ನಂಬಿ ನಮ್ಮ ಮನೆಯ ಗೋಡೆಯನ್ನೇ ಹಾಳು ಮಾಡಿಕೊಂಡೆ. ಅದಕ್ಕೇ ಈ ಪತ್ರ.

ನಾನು ಕಲಬುರಗಿಯಲ್ಲಿ ಸಣ್ಣಪುಟ್ಟ ಕಟ್ಟಡ ಕಾಂಟ್ರಾಕ್ಟ್ ಮಾಡುತ್ತೇನೆ. ದಿನಾ ಕೈಯಾಡಿಸುವುದು ಸಿಮೆಂಟಿನಲ್ಲೇ. ನಮ್ಮ ಅಜ್ಜ ಮಾತ್ರ ಗಚ್ಚಿನ ಗೌಂಡಿ. ಊರಿನ ನಮ್ಮ ಮನೆ ಅವರೇ ಕಟ್ಟಿದ ಮಾಳಿಗೆ ಮನೆ, ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಅಡುಗೆಮನೆಯ ಗೋಡೆಯಲ್ಲಿ ನೆಲದ ಹತ್ತಿರ ಗಚ್ಚು ಸ್ವಲ್ಪ ಉದುರುತ್ತಿತ್ತು. ನಾನು, ನಮ್ಮ ಅಣ್ಣ ಸೇರಿ ಸೊಂಟದವರೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಎರಡು ದಿನದ ಕೆಲಸ. ನೋಡಲು ನುಣ್ಣಗೆ, ಚೆಂದ ಕಾಣುತ್ತಿತ್ತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಮೇಲಿನ ಅಂಚಿನಿಂದ ಇನ್ನೂ ಎರಡು ಅಡಿ ಮೇಲಕ್ಕೆ ಥಂಡಿ ಏರಿತ್ತು. ಮೊದಲು ನೆಲದ ಹತ್ತಿರ ಮಾತ್ರ ಇದ್ದ ಸವಳು ಈಗ ನಮ್ಮ ಎದೆಯ ಎತ್ತರಕ್ಕೆ ಬಂದಿತ್ತು. ಕೊನೆಗೆ ಸಿಮೆಂಟ್ ಕಿತ್ತು ಹಾಕಲು ಹೋದರೆ ಅದು ಫರಸಿ ಕಲ್ಲಿನ ಹಾಗೆ ಇಡಿಯಾಗಿ ಎದ್ದು ಬಂತು, ಬರುವಾಗ ಕಲ್ಲಿನ ಮುಖವನ್ನೂ ಚಕ್ಕೆ ಚಕ್ಕೆಯಾಗಿ ಎಬ್ಬಿಸಿಕೊಂಡು ಬಂತು. ಒಳಗಿನ ಮಣ್ಣು ಕಲಸಿದ ಹಿಟ್ಟಿನಂತೆ ಹಸಿ ಇತ್ತು. ಅಜ್ಜ ಬದುಕಿದ್ದರೆ ಮುಖ ತೋರಿಸಲು ಆಗುತ್ತಿರಲಿಲ್ಲ.

ಹೀಗೆ ಯಾಕಾಗುತ್ತದೆ? ಹಳೇ ಗೋಡೆಗಳಿಗೆ ಕೆಳಗೆ ನೀರು ಮೇಲೇರದಂತೆ ತಡೆಯುವ ಡ್ಯಾಂಪ್ ಪ್ರೂಫ್ ಪದರ ಇರುವುದಿಲ್ಲ. ನೆಲದ ನೀರು ಗೋಡೆಗೆ ಏರುತ್ತದೆ, ಮಳೆಯ ನೀರೂ ಸೇರುತ್ತದೆ. ಗಚ್ಚಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಆ ನೀರು ಅದರ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಸಿಮೆಂಟ್ ಆ ದಾರಿ ಮುಚ್ಚಿಬಿಡುತ್ತದೆ. ನೀರು ಸುಮ್ನೆ ಕೂರುತ್ತದಾ? ಮೇಲಕ್ಕೆ ಏರುತ್ತದೆ, ಕಲ್ಲಿನೊಳಗೆ ಸೇರುತ್ತದೆ. ನೀರಿನ ಜೊತೆ ಉಪ್ಪೂ ಇರುತ್ತದೆ, ಸಿಮೆಂಟಿನಿಂದಲೂ ಒಂದಿಷ್ಟು ಉಪ್ಪು ಬಿಡುತ್ತದೆ. ನೀರು ಆರಿದಾಗ ಆ ಉಪ್ಪು ಹರಳುಗಟ್ಟಿ ಉಬ್ಬುತ್ತದೆ, ಉಬ್ಬಿ ಕಲ್ಲನ್ನೇ ಒಳಗಿನಿಂದ ಒಡೆಯುತ್ತದೆ. ಗಚ್ಚಿದ್ದಾಗ ಆ ಪೆಟ್ಟು ಗಚ್ಚಿಗೆ ಬೀಳುತ್ತಿತ್ತು. 20, 30 ವರ್ಷಕ್ಕೊಮ್ಮೆ ಉದುರಿದ ಜಾಗಕ್ಕೆ ಹೊಸ ಗಚ್ಚು ಬಳಿದರೆ ಮುಗಿಯಿತು, ಕಲ್ಲು ಉಳಿಯುತ್ತಿತ್ತು. ಉದುರುವ ಗಚ್ಚನ್ನು ನಾವು ರೋಗ ಅಂದುಕೊಂಡೆವು, ಅದು ಗೋಡೆಗೆ ಬದಲಾಗಿ ತಾನು ಸವೆಯುತ್ತಿತ್ತು. ಇನ್ನೊಂದು ಸಂಗತಿ ನಮ್ಮ ಬಿಸಿಲು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಆಗುತ್ತದೆ. ಹಗಲು ಗೋಡೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸುಣ್ಣ ಅದರ ಜೊತೆ ಅಷ್ಟಿಷ್ಟು ಬಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಟ್ಟರೂ ಮಳೆಯ ನೀರಿಗೆ ಸ್ವಲ್ಪ ಸುಣ್ಣ ಕರಗಿ ಆ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸಿಮೆಂಟ್ ಬಾಗುವುದಿಲ್ಲ, ಸೀಳುತ್ತದೆ.

ಆಮೇಲೆ ನಮ್ಮ ಗೋಡೆಯನ್ನು ಸರಿ ಮಾಡಿದ್ದು ಪಕ್ಕದೂರಿನ ಒಬ್ಬ ಮುದುಕ ಗೌಂಡಿ. ಅವರ ಜೊತೆ ಎರಡು ತಿಂಗಳು ಕೈಯಾಳಾಗಿ ದುಡಿದಾಗ ನಾನು ಕಲಿತಷ್ಟು ಡಿಪ್ಲೊಮಾ ಓದುವಾಗಲೂ ಕಲಿತಿರಲಿಲ್ಲ. ಮೊದಲ ದಿನವೇ ಅವರು ನಾನು ಅಂಗಡಿಯಿಂದ ತಂದ ಚೀಲದ ಸುಣ್ಣದ ಪುಡಿಯನ್ನು ಪಕ್ಕಕ್ಕಿಟ್ಟರು. ಅದು ಗೋಡೆಗೆ ಬಿಳುಪು ಹೊಡೆಯಲು ಆಯಿತು, ಗಚ್ಚಿಗೆ ಆಗುವುದಿಲ್ಲ, ಗಾಳಿ ಕುಡಿದು ಸತ್ತ ಸುಣ್ಣ ಎಂದರು. ಭಟ್ಟಿಯಿಂದ ಬಿಸಿ ಬಿಸಿ ಹರಳು ಸುಣ್ಣ ತರಿಸಿದರು. ನೀರಿಗೆ ಹಾಕಿದ ಕೂಡಲೇ ಅದು ಕುದಿಯಬೇಕು, ಹೊಗೆಯಾಡಬೇಕು, ಆಗ ಮಾತ್ರ ಸುಣ್ಣಕ್ಕೆ ಜೀವ ಇದೆ ಎಂದರ್ಥ. (ಮಕ್ಕಳನ್ನು ಆ ಗುಂಡಿಯ ಹತ್ತಿರ ಬಿಡಬೇಡಿ. ಒಂದು ಹನಿ ಸಿಡಿದರೂ ಕಣ್ಣಿಗೆ ಅಪಾಯ. ಕನ್ನಡಕ ಇಲ್ಲದೆ ಸುಣ್ಣ ಅರಳಿಸಬಾರದು.) ಹಾಗೆ ಅರಳಿದ ಸುಣ್ಣ ನೀರಿನ ಕೆಳಗೆ ಮುಳುಗಿಯೇ ಇರಬೇಕು, ಕನಿಷ್ಠ ಮೂರು ವಾರ. ಜಾಸ್ತಿ ದಿನ ಇಟ್ಟಷ್ಟೂ ಬೆಣ್ಣೆಯಂತಾಗುತ್ತದೆ. ಅದಕ್ಕೆ ತೊಳೆದ ಮರಳು, ಹಳೇ ಇಟ್ಟಿಗೆ ಕುಟ್ಟಿ ಜರಡಿ ಹಿಡಿದ ಸುರ್ಕಿ ಸೇರಿಸಿ ಅರೆಯಬೇಕು. ಚೆನ್ನಾಗಿ ಸುಟ್ಟ ಜೇಡಿಮಣ್ಣಿನ ಪುಡಿ ಸುಣ್ಣದ ಜೊತೆ ಕೂಡಿದರೆ ನೀರಿನಲ್ಲೂ ಗಟ್ಟಿಯಾಗುವ ಗುಣ ಬರುತ್ತದೆ, ಬಾವಿ, ನೀರಿನ ತೊಟ್ಟಿಗಳಿಗೆ ಹಿಂದಿನವರು ಸುರ್ಕಿ ಹಾಕುತ್ತಿದ್ದುದು ಅದಕ್ಕೇ. ಮೊದಲೆಲ್ಲ ಅರೆಯಲು ಎತ್ತಿನ ಗಾಣ ಇರುತ್ತಿತ್ತು. ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಗಾಲಿ ಸುತ್ತುತ್ತಿತ್ತು. ನಾವು ರುಬ್ಬುವ ಮೋಟಾರ್ ಯಂತ್ರದಲ್ಲಿ ಅರೆದೆವು, ಏನೂ ತೊಂದರೆ ಆಗಲಿಲ್ಲ.

ಗಚ್ಚು ಅಂದ ಕೂಡಲೇ ಜನ ಮೊಟ್ಟೆಯ ಬಿಳಿ, ಬೆಲ್ಲ ಅಂತ ಶುರು ಮಾಡುತ್ತಾರೆ. ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು, ಅಳಲೆಕಾಯಿ ನೆನೆಸಿದ ನೀರು ಇವನ್ನೆಲ್ಲ ಹಾಕುತ್ತಿದ್ದುದು ನಿಜ, ಉಪಯೋಗವೂ ಇದೆ. ಆದರೆ ಕೆಲಸದ ಜೀವ ಅದರಲ್ಲಿಲ್ಲ ಎಂಬುದು ನಾನು ಕಣ್ಣಾರೆ ಕಂಡ ಮಾತು. ಜೀವ ಇರುವುದು ನೆನೆಸುವುದರಲ್ಲಿ, ಅರೆಯುವುದರಲ್ಲಿ, ಆಮೇಲೆ ಗೋಡೆಯನ್ನು ಹಸಿಯಾಗಿ ಇಡುವುದರಲ್ಲಿ. ಒಂದು ಸಲಕ್ಕೆ ಬೆರಳಿನ ದಪ್ಪಕ್ಕಿಂತ ಜಾಸ್ತಿ ಬಳಿಯಬಾರದು. ಅದು ಬಿಗಿದ ಮೇಲೆ ಇನ್ನೊಂದು ಪದರ. ಬಿಸಿಲು ನೇರ ಬೀಳದಂತೆ ಒದ್ದೆ ಗೋಣಿಚೀಲ ಇಳಿಬಿಡಬೇಕು, ವಾರಗಟ್ಟಲೆ ನೀರು ಚಿಮುಕಿಸುತ್ತಿರಬೇಕು. ಸುಣ್ಣ ಸುಡುವಾಗ ಕಲ್ಲಿನಿಂದ ಹೋದ ಇಂಗಾಲದ ಡೈಆಕ್ಸೈಡ್ ಅನ್ನು ಗೋಡೆ ಮತ್ತೆ ಗಾಳಿಯಿಂದ ಎಳೆದುಕೊಂಡು ನಿಧಾನವಾಗಿ ಕಲ್ಲೇ ಆಗುತ್ತದೆ, ಅದಕ್ಕೆ ತೇವ ಬೇಕು, ಟೈಮ್ ಬೇಕು. ಬೇಸಿಗೆಯಲ್ಲಿ ಈ ಕೆಲಸ ಹಿಡಿದರೆ ಪುಡಿ ಪುಡಿ ಆಗುತ್ತದೆ. ದೀಪಾವಳಿ ಆದ ಮೇಲೆ ಹಿಡಿದು ಶಿವರಾತ್ರಿಯೊಳಗೆ ಮುಗಿಸಬೇಕು ಎಂದು ಆ ಗೌಂಡಿಯವರು ಹೇಳಿದರು. ಕೊನೆಯ ತೆಳು ಪದರವನ್ನು ನುಣುಪಾದ ಹೊಳೆಗಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದರು. ಇವತ್ತಿಗೂ ಆ ಗೋಡೆ ಒಣಗಿದೆ, ಕೈಯಿಟ್ಟರೆ ತಣ್ಣಗಿದೆ.

ಈ ವಿದ್ಯೆ ನಮ್ಮ ಭಾಗದ್ದೇ ಅಲ್ವಾ? ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಕ್ಕಿಂತ 450ಕ್ಕೂ ಜಾಸ್ತಿ ವರ್ಷ ಮೊದಲು, 1367ರಲ್ಲಿ, ಕಲಬುರಗಿ ಕೋಟೆಯ ಜಾಮಿಯಾ ಮಸೀದಿ ಎದ್ದಿತ್ತು. ಒಳಗೆ ಬಯಲು ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಒಂದು ಕಬ್ಬಿಣದ ಸರಳಿಲ್ಲದೆ ಆ ಕಮಾನುಗಳು ನಿಂತಿವೆ. ಕಲಬುರಗಿಯಲ್ಲೇ ಇರುವ ಹಫ್ತ್ ಗುಂಬಜ್‌ಗೆ ಹೋಗಿ ಬಹಮನಿ ಸುಲ್ತಾನ ಫಿರೋಜ್ ಷಾನ ಗೋರಿಯ ಒಳಗೆ ನೋಡಿ, ಗಚ್ಚಿನಲ್ಲಿ ಕೊರೆದ ಹೂಬಳ್ಳಿ ಇನ್ನೂ ಇದೆ. ಬೀದರ್‌ಗೆ ಹೋದರೆ ಬಹಮನಿ ಮಂತ್ರಿ ಮಹಮೂದ್ ಗಾವಾನನ ಮದರಸಾ, 1472ರದ್ದು. 17ನೇ ಶತಮಾನದ ಕೊನೆಗೆ ಒಳಗೆ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು ಉರುಳಿತು. ಆದರೂ ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಬಿಲ್ಲೆಗಳು ಇವತ್ತೂ ಅಂಟಿಕೊಂಡಿವೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿ ಇದೆ. ಅವನು ತೀರಿಕೊಂಡದ್ದು 1436ರಲ್ಲಿ. ಒಳಗೆ ಗಚ್ಚಿನ ಮೇಲೆ ಬರೆದ ಕೆಂಪು, ನೀಲಿ, ಚಿನ್ನದ ಬಣ್ಣಗಳನ್ನು ಟಾರ್ಚ್ ಹಿಡಿದು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಗೋಡೆಗೆ ತೇವ ಹಿಡಿದರೆ ಆ ಬಣ್ಣ ಉಳಿಯುತ್ತದಾ? ಮೇಲಿನ ಗುಮ್ಮಟದ ಗಚ್ಚು ಗಟ್ಟಿಯಿದ್ದರೆ ಮಾತ್ರ ಒಳಗಿನ ಚಿತ್ರ.

ಬೀದರ್ ಕೋಟೆಯ ಕೆಂಪು ಕಲ್ಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಕೊಡಲಿಯಂಥ ಹತಾರದಿಂದ ಕಡಿಯಬಹುದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಆದರೆ ತುಂಬಾ ತೂತು ತೂತಿನ ಕಲ್ಲು. ಅಂಥ ಕಲ್ಲಿನ ಹಳೇ ಮನೆಗಳಿಗೆ, ಬಾವಿಗಳಿಗೆ ಈಗ ಸಿಮೆಂಟ್ ಮೆತ್ತುತ್ತಿರುವುದನ್ನು ಬೀದರ್‌ನ ಓಣಿಗಳಲ್ಲಿ ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಅದೇ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿದರಿ ಪಾತ್ರೆಗೆ ಕಪ್ಪು ಬಣ್ಣ ತರುತ್ತಾರೆ. ಬಿದರಿಗೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಬಿದರಿ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ನಮಗೆಲ್ಲ ಹೆಮ್ಮೆ. ಗಚ್ಚಿನ ಗೌಂಡಿಗಳಿಗೂ ಅಂಥ ಮರ್ಯಾದೆ ಸಿಗಬೇಕು. ಅವರ ಕೈಯಲ್ಲಿರುವುದೂ ಕಲೆಯೇ.

ಕಲ್ಲಿಗಂತೂ ನಮಗೆ ಬರವಿಲ್ಲ. ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಯಲ್ಲಿ ಸಿಕ್ಕ ಶಿಲ್ಪಗಳು, "ರಾಯ ಅಸೋಕ" ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಆ ಶಿಲ್ಪ ಕೂಡ, ಇಲ್ಲಿನ ಸುಣ್ಣದ ಕಲ್ಲಿನವೇ. ಶಹಾಬಾದ್ ಫರಸಿ ಅದೇ ಕಲ್ಲು. ವಾಡಿ, ಸೇಡಂ, ಮಳಖೇಡ ಕಡೆ ಫ್ಯಾಕ್ಟರಿಗಳಲ್ಲಿ ಸಿಮೆಂಟ್ ಆಗುವುದೂ ಸುಣ್ಣದ ಕಲ್ಲೇ. ಸಿಮೆಂಟಿಗೆ ಸುಮಾರು 1450 ಡಿಗ್ರಿ ಶಾಖ ಬೇಕು, ಸುಣ್ಣಕ್ಕೆ 900 ಡಿಗ್ರಿ ಸಾಕು. ಕಾಲ ಕೆಳಗೆ ಇಷ್ಟೆಲ್ಲ ಕಲ್ಲಿದ್ದೂ ಒಂದು ಗುಡಿಗೆ ಬೇಕಾಗುವ ಒಳ್ಳೆಯ ಹರಳು ಸುಣ್ಣಕ್ಕಾಗಿ ನಾನು ನಾಲ್ಕು ಕಡೆ ಅಲೆಯಬೇಕಾಯಿತು.

ತಪ್ಪು ತಿಳಿಯಬೇಡಿ, ಸಿಮೆಂಟೇ ಬೇಡ ಎನ್ನುತ್ತಿಲ್ಲ. ಆರ್‌ಸಿಸಿ ಮನೆಗೆ ಸಿಮೆಂಟ್ ಸರಿ, ಸೇತುವೆಗೆ ಸರಿ. ಕಲ್ಲು, ಮಣ್ಣು, ಸುಣ್ಣದಲ್ಲಿ ಕಟ್ಟಿದ್ದಕ್ಕೆ ಅದನ್ನು ಬಳಿಯಬೇಡಿ ಎನ್ನುತ್ತಿದ್ದೇನೆ, ಅಷ್ಟೇ. ಪುರಾತತ್ವ ಇಲಾಖೆಯವರು ತಮ್ಮ ಸ್ಮಾರಕಗಳ ದುರಸ್ತಿಗೆ ಸುಣ್ಣವನ್ನೇ ಬಳಸುತ್ತಾರೆ. ಆದರೆ ಬೋರ್ಡಿಲ್ಲದ ಗುಡಿ, ದರ್ಗಾ, ಮಠ, ಊರ ಅಗಸೆ ಬಾಗಿಲು, ಬಾವಿ, ವಾಡೆಗಳು ಊರೂರಿಗೆ ಇವೆಯಲ್ಲ, ಅವು ಕಮಿಟಿಯವರ ಕೈಯಲ್ಲಿವೆ, ಮನೆಯವರ ಕೈಯಲ್ಲಿವೆ, ನನ್ನಂಥ ಕಾಂಟ್ರಾಕ್ಟರ್ ಕೈಯಲ್ಲಿವೆ. ದುಡ್ಡು ಕೊಡುವವರು ಎಸ್ಟಿಮೇಟ್‌ನಲ್ಲಿ "ಸುಣ್ಣದ ಗಚ್ಚು" ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಕೆತ್ತಿದ ಕಂಬಕ್ಕೆ ಆಯಿಲ್ ಪೇಂಟ್ ಹಚ್ಚಿಸಬೇಡಿ, ಅದೂ ಕಲ್ಲಿನ ಉಸಿರು ಕಟ್ಟಿಸುತ್ತದೆ. ಹಚ್ಚಿದ ಪೇಂಟ್ ತೆಗೆಯಲು ಮರಳು ಊದುವ ಮಷಿನ್ ತರಿಸಲೇಬೇಡಿ, ಬಣ್ಣದ ಜೊತೆ ಉಳಿಯ ಗೆರೆಯೂ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಗೌಂಡಿಗಳೆಲ್ಲಿದ್ದಾರೆ ಎಂದು ಕೇಳುತ್ತೀರಿ. ಕಷ್ಟ ಇರುವುದು ಅಲ್ಲೇ. ನಮಗೆ ಕಲಿಸಿದವರಿಗೆ ಈಗ ಏಣಿ ಹತ್ತಲು ಆಗುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಜಿಲ್ಲೆಯ ನಿರ್ಮಿತಿ ಕೇಂದ್ರ, ಐಟಿಐಗಳು ಮನಸ್ಸು ಮಾಡಿದರೆ ಇಂಥ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ದಿನಗೂಲಿ ಕೊಟ್ಟು, ಹುಡುಗರಿಗೆ ಕಲಿಸಬಹುದು. ಕ್ಲಾಸ್‌ರೂಮ್ ಬೇಡ, ಒಂದು ಗುಂಡಿ, ಒಂದು ಹಳೇ ಗೋಡೆ, ಒಂದು ಚಳಿಗಾಲ ಸಾಕು. ಕಲಿತ ಹುಡುಗರಿಗೆ ಕೆಲಸ ಸಿಗುತ್ತದಾ ಎಂದರೆ, ನಮ್ಮ ಭಾಗದ ಹಳೇ ಕಟ್ಟಡಗಳನ್ನು ಒಮ್ಮೆ ಎಣಿಸಲು ಕೂತು ನೋಡಿ. ಸುಣ್ಣದ ಕೆಲಸಕ್ಕೆ ಕೂಲಿ ಜಾಸ್ತಿ, ದಿನ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಒಂದೇ ಗೋಡೆಗೆ ಮೊದಲು ಸಿಮೆಂಟಿಗೆ, ಆಮೇಲೆ ಅದನ್ನು ಕೀಳಲು, ಆಮೇಲೆ ಗಚ್ಚಿಗೆ ಅಂತ ಮೂರು ಸಲ ದುಡ್ಡು ಕೊಟ್ಟಿದ್ದೇನೆ.

ಬರುವ ಅಮಾವಾಸ್ಯೆಗೆ ನಮ್ಮ ಗುಡಿಯ ಕಮಿಟಿ ಮತ್ತೆ ಕೂರುತ್ತದೆ. ಅಷ್ಟರೊಳಗೆ ತಾವು ಈ ಪತ್ರ ಅಚ್ಚು ಹಾಕಿದರೆ ಪೇಪರ್ ಹಿಡಿದುಕೊಂಡೇ ಹೋಗುತ್ತೇನೆ. ಮೊದಲು ಎಲ್ಲರನ್ನೂ ನಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿ ಆ ಗೋಡೆಯ ಮೇಲೆ ಕೈ ಇಡಿಸುತ್ತೇನೆ. ಸುಣ್ಣ ನೆನೆಯಲು ಗುಂಡಿಗೆ ನಮ್ಮ ಹಿತ್ತಲು ಕೊಡುತ್ತೇನೆ, ನೀರೂ ನಮ್ಮ ಬೋರಿನದೇ. ಈಗ ಹಾಕಿದರೆ ದೀಪಾವಳಿ ಹೊತ್ತಿಗೆ ಹದಕ್ಕೆ ಬಂದಿರುತ್ತದೆ.

ಇಂತಿ,
ಗೌಂಡಿ ಮನೆತನದ ಒಬ್ಬ ಓದುಗ
ಆಳಂದ ತಾಲೂಕು, ಕಲಬುರಗಿ ಜಿಲ್ಲೆ