ಸರ್ವೆಯಲ್ಲಿ ಬಸ್ಸಿನ ಹೊತ್ತನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಾಸರಗೋಡಿನ ಒಂದು ಕಾಲೇಜಿನ ಗೇಟಿನ ಎದುರು ನನ್ನ ಜೆರಾಕ್ಸ್ ಅಂಗಡಿ ಇದೆ. ಯಾವ ಕಾಲೇಜು ಅಂತ ಬರೆಯುವುದಿಲ್ಲ. ನಾಳೆಯೂ ಅಂಗಡಿ ತೆರೆಯಬೇಕಲ್ವಾ?

ಮೊನ್ನೆ ಮಧ್ಯಾಹ್ನ ಜೋರು ಮಳೆ. ಏಳೆಂಟು ಮಕ್ಕಳು ಒಳಗೆ ನುಗ್ಗಿದರು. ಎಲ್ಲರ ಕೈಯಲ್ಲೂ ಮೊಬೈಲು. ಏನೋ ಸರ್ವೆ ತುಂಬಬೇಕಂತೆ, ನಾಲ್ಕು ಗಂಟೆಗೆ ಲಿಂಕ್ ಮುಚ್ಚುತ್ತದಂತೆ. ಕಾಲೇಜಿನಲ್ಲಿ ಪಾಠ ಹೇಗೆ ನಡೆಯುತ್ತದೆ, ನೀವು ಹೇಗೆ ಕಲಿಯುತ್ತೀರಿ ಅಂತ ಕೇಳುವ ಸರ್ವೆ. ಒಬ್ಬ ಹುಡುಗ, "ಎಲ್ಲದಕ್ಕೂ ನಾಲ್ಕು ಒತ್ತು ಮಾರಾಯ, ಮುಗೀತು" ಅಂದ. ಇಪ್ಪತ್ತು ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿಯಿತು. ಕೊನೆಯ ಪ್ರಶ್ನೆಗೆ ಮಾತ್ರ ಟೈಪ್ ಮಾಡಬೇಕು. ಅಲ್ಲಿ ಒಂದು ಚುಕ್ಕಿ ಇಟ್ಟರು. ಖಾಲಿ ಬಿಟ್ಟರೆ ಸಬ್‌ಮಿಟ್ ಆಗುವುದಿಲ್ಲವಂತೆ.

ಈ ಪ್ರಶ್ನೆಗಳು ಕಾಲೇಜಿನವರು ಮಾಡಿದ್ದಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ 2017ರಲ್ಲಿ ತನ್ನ ಕ್ರಮ ಬದಲಿಸಿದಾಗ ಮಕ್ಕಳನ್ನು ಕೇಳುವುದನ್ನೂ ಅದಕ್ಕೆ ಸೇರಿಸಿತು. ಒಟ್ಟು 21 ಪ್ರಶ್ನೆ. ಮೊದಲಿನ 20ಕ್ಕೆ 4ರಿಂದ 0ವರೆಗೆ ಆರಿಸಬೇಕು, ಕೊನೆಯದಕ್ಕೆ ಮೂರು ಸಲಹೆ ಬರೆಯಬೇಕು. ನ್ಯಾಕಿನವರು ಮಕ್ಕಳ ಇಮೇಲಿಗೇ ಕಳಿಸುತ್ತಾರೆ. ಕಾಲೇಜುಗಳು ಅದೇ ಪ್ರಶ್ನೆಗಳನ್ನು ಇಟ್ಟುಕೊಂಡು ತಾವೂ ಒಮ್ಮೆ ಸರ್ವೆ ಮಾಡುವುದುಂಟು. ನಾನು ನೋಡಿದ್ದು ಅಂಥದ್ದು.

ಗುಂಪಿನಲ್ಲಿ ಒಬ್ಬಳು ಮಾತ್ರ ಒಂದೊಂದಾಗಿ ಓದುತ್ತಿದ್ದಳು. ಮುಳ್ಳೇರಿಯದಿಂದಲೂ ಆಚೆಯ ಹುಡುಗಿ. ಮನೆಯಲ್ಲಿ ತುಳು, ಪ್ಲಸ್ ಟುವರೆಗೆ ಕನ್ನಡ ಮೀಡಿಯಂ. "ಅಣ್ಣ, ಮೆಂಟರ್ ಅಂದರೆ ಯಾರು?" ಅಂತ ಕೇಳಿದಳು. ನಿಮ್ಮ ಓದು, ಕಷ್ಟಸುಖ ನೋಡಿಕೊಳ್ಳಲಿಕ್ಕೆ ನೇಮಿಸಿದ ಟೀಚರ್ ಅಂದೆ. "ನಮಗೆ ಇದ್ದಾರಾ?" ಅಂತ ಪಕ್ಕದವಳನ್ನು ಕೇಳಿದಳು. "ಇದ್ದಾರಲ್ಲ, ನೋಟಿಸ್ ಬೋರ್ಡಲ್ಲಿ ಲಿಸ್ಟ್ ಹಾಕಿದ್ರು." ಸರಿ, ಅದಕ್ಕೂ ನಾಲ್ಕು ಒತ್ತಿದಳು.

ಕೊನೆಯ ಪ್ರಶ್ನೆಗೆ ಬಂದಾಗ ಇಂಗ್ಲಿಷಿನಲ್ಲಿ ಏನೋ ಶುರು ಮಾಡಿ ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. "ಕನ್ನಡದಲ್ಲಿ ಬರೆದರೆ ಆಗ್ತದಾ ಅಣ್ಣ?" ಬರಿ ಅಂದೆ. ಅಷ್ಟರಲ್ಲಿ ಯಾರೋ, "ಅದನ್ನು ಯಾರು ಓದ್ತಾರೆ?" ಅಂದರು. ಅವಳೂ ಚುಕ್ಕಿ ಇಟ್ಟಳು.

ಏನು ಬರೆಯಬೇಕಂತಿದ್ದೆ ಅಂತ ಆಮೇಲೆ ಕೇಳಿದೆ. ಲೈಬ್ರರಿ ಐದು ಗಂಟೆವರೆಗೆ ಇರುತ್ತದೆ, ಆದರೆ ಅವಳ ಬಸ್ಸು ನಾಲ್ಕಕ್ಕೆ ಮೊದಲೇ ಹೊರಡುತ್ತದೆ. ಅದು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲೆ. ಮೊದಲ ವರ್ಷದಿಂದ ಲೈಬ್ರರಿಯಲ್ಲಿ ಕೂತು ಓದಿದ್ದೇ ಇಲ್ಲವಂತೆ. ಮಧ್ಯಾಹ್ನ ಒಂದು ಪೀರಿಯಡ್ ಅದಕ್ಕೆ ಬಿಟ್ಟುಕೊಟ್ಟರೆ ಸಾಕು ಅಂದಳು. ಎಷ್ಟು ಸಣ್ಣ ಮಾತು ನೋಡಿ. ಆ ಮಾತು ಹೋಗಿ ಚುಕ್ಕಿ ಆಯಿತು.

ನನಗೊಂದು ಚಟ ಇದೆ. ಬೈಂಡಿಂಗಿಗೆ ಬಂದದ್ದನ್ನು ಓದಿಯೇ ಕೊಡುವುದು. ಒಮ್ಮೆ ಎಂ.ಎಡ್. ಓದುವವರೊಬ್ಬರ ಪ್ರಬಂಧ ಬಂದಿತ್ತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2000ದಿಂದ ನಡೆಸುವ ಇಂಥದ್ದೇ ಸರ್ವೆಯ ಬಗ್ಗೆ. ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಕೇಳುತ್ತಾರೆ. ಆದರೆ ಟೀಚರಿಗೆ ಎಷ್ಟು ಮಾರ್ಕು ಕೊಡುತ್ತೀರಿ ಅಂತ ಅಲ್ಲ. ನೀನು ಏನು ಮಾಡಿದೆ ಅಂತ. ಕ್ಲಾಸಿನಲ್ಲಿ ಎಷ್ಟು ಸಲ ಪ್ರಶ್ನೆ ಕೇಳಿದೆ? ಓದಿಕೊಳ್ಳದೆ ಎಷ್ಟು ಸಲ ಕ್ಲಾಸಿಗೆ ಬಂದೆ? ವಾರದಲ್ಲಿ ಓದಿಗೆ ಎಷ್ಟು ಗಂಟೆ, ಸಂಬಳದ ಕೆಲಸಕ್ಕೆ ಎಷ್ಟು, ಮನೆಯವರನ್ನು ನೋಡಿಕೊಳ್ಳಲಿಕ್ಕೆ ಎಷ್ಟು? ಕಾಲೇಜಿಗೆ ಹೋಗಿಬರಲಿಕ್ಕೆ ಎಷ್ಟು ಗಂಟೆ ಅಂತಲೂ ಕೇಳುತ್ತಾರೆ! ಅದನ್ನು ಓದುತ್ತಾ ಗಮ್ ಡಬ್ಬ ಮಗುಚಿಕೊಂಡದ್ದು ನೆನಪಿದೆ.

ನಮ್ಮ ಹುಡುಗಿಯ ಲೆಕ್ಕ ಹಾಕಿ. ಹೋಗಲಿಕ್ಕೆ ಒಂದೂವರೆ ಗಂಟೆ, ಬರಲಿಕ್ಕೆ ಒಂದೂವರೆ. ವಾರಕ್ಕೆ ಐದು ದಿನ. 15 ಗಂಟೆ ಬಸ್ಸಿನಲ್ಲೇ ಹೋಯಿತು, ಅದೂ ನಿಂತುಕೊಂಡು. ಕನ್ಸೆಶನ್ ಮಕ್ಕಳಿಗೆ ಸೀಟು ಸಿಗುವುದು ಅಷ್ಟರಲ್ಲೇ ಇದೆ. ಇದನ್ನು ಕೇಳದೆ, ಅವಳು ಕಾಲೇಜಿನಲ್ಲಿ ಎಷ್ಟು ತೊಡಗಿಕೊಳ್ಳುತ್ತಾಳೆ ಅಂತ ಹೇಗೆ ಗೊತ್ತಾಗಬೇಕು? ಬಸ್ಸಿನ ಹೊತ್ತು ಗೊತ್ತಿದ್ದರೆ ಟೈಂಟೇಬಲ್ ಹಾಕುವ ಮಾಷ್ಟ್ರಿಗೂ ಸುಲಭ.

ಇನ್ನು ಭಾಷೆ. ನಮ್ಮ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಕೇರಳ ಸರ್ಕಾರವೇ ಕನ್ನಡದಲ್ಲಿ ಕೊಡುತ್ತದೆ. ಡಿಗ್ರಿಗೆ ಬಂದ ಕೂಡಲೇ ಈ ಸರ್ವೆ ಇಂಗ್ಲಿಷಿನಲ್ಲಿ. 21 ಪ್ರಶ್ನೆಯನ್ನು ಕನ್ನಡದಲ್ಲಿ ಅಚ್ಚು ಹಾಕಲಿಕ್ಕೆ ಏನು ಕಷ್ಟ? ಇಂಗ್ಲಿಷ್ ಬಾರದವರು ಡಿಗ್ರಿಗೆ ಯಾಕೆ ಬರಬೇಕು ಅಂತ ಒಬ್ಬರು ನನ್ನ ಅಂಗಡಿಯಲ್ಲೇ ನಿಂತು ಹೇಳಿದರು. ಬಾರದೆ ಏನು? ಇದೇ ಹುಡುಗಿ ಬಾಟನಿ ರೆಕಾರ್ಡನ್ನು ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದಿದ್ದಾಳೆ, ನಾನೇ ಜೆರಾಕ್ಸ್ ಮಾಡಿದ್ದೇನೆ. ಪಾಠ ಬರೆಯುವುದು ಬೇರೆ, ಬೇಜಾರು ಹೇಳುವುದು ಬೇರೆ. ಮಲಯಾಳ ಮೀಡಿಯಂ ಮಕ್ಕಳಿಗೂ ಅವರ ಭಾಷೆಯಲ್ಲಿ ಕೊಡಲಿ. ಅದಕ್ಕೆ ಯಾರ ತಕರಾರೂ ಇಲ್ಲ.

ಮತ್ತೊಂದು ಮಾತು. ಆ ಲಿಂಕ್ ತೆರೆದ ಕೂಡಲೇ ಹೆಸರು, ರಿಜಿಸ್ಟರ್ ನಂಬರು ಕೇಳುತ್ತದೆ. ಇಂಟರ್ನಲ್ ಮಾರ್ಕು ಟೀಚರ ಕೈಯಲ್ಲಿರುವಾಗ ನಿಜ ಹೇಳುವ ಧೈರ್ಯ ಯಾರಿಗೆ ಬರುತ್ತದೆ? ನಾನಾದರೂ ನಾಲ್ಕೇ ಒತ್ತುತ್ತಿದ್ದೆ. ನಮ್ಮ ಕಾಲದಲ್ಲಿ ಕೇಳುವವರೇ ಇರಲಿಲ್ಲ, ಅದು ಬೇರೆ ಮಾತು.

ಕಾಲೇಜಿನವರು ಯಾರಾದರೂ ಇದನ್ನು ಓದಿದರೆ ನನ್ನದೊಂದು ಕೋರಿಕೆ. ಹೆಸರಿಲ್ಲದ ಒಂದು ಪುಟದ ಫಾರ್ಮು ಕನ್ನಡದಲ್ಲಿ ಮಾಡಿಕೊಡಿ. ಬಸ್ಸಿನ ಪ್ರಶ್ನೆ ಅದರಲ್ಲಿರಲಿ, ಬರೆಯಲಿಕ್ಕೆ ಅರ್ಧ ಪುಟ ಜಾಗ ಇರಲಿ. ಪ್ರಿಂಟ್ ನಾನು ಸುಮ್ನೆ ಹಾಕಿಕೊಡುತ್ತೇನೆ, ದುಡ್ಡು ಬೇಡ. ಕಾಗದ ಮಾತ್ರ ನೀವೇ ತನ್ನಿ.

– ಜೆರಾಕ್ಸ್ ಅಂಗಡಿಯವ, ಕಾಸರಗೋಡು