ಕೆಲಸಕ್ಕೂ ಒಂದು ಧರ್ಮದರ್ಶನದ ಸಾಲು ಇರಲಿ: ಹಾಸನ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದ ಕಡೆಯವಳು. ನಮ್ಮ ಮನೆಯವರು ಸಾರಿಗೆ ಬಸ್ಸಿನ ಚಾಲಕರು. ಅವರ ನೌಕರಿ ಇಲ್ಲಿಗೆ ಬಿತ್ತು, ಹಿಂದೆಯೇ ಪಾತ್ರೆ ಪಗಡ ಕಟ್ಟಿಕೊಂಡು ನಾವೂ ಬಂದೆವು. ನಾನು ಬಿ.ಕಾಂ. ಓದಿದ್ದೇನೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬರುತ್ತದೆ, ಜಿಎಸ್‌ಟಿ ರಿಟರ್ನ್ ಹಾಕಲು ಬರುತ್ತದೆ. ಊರಲ್ಲಿದ್ದಾಗ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ಹಾಸನಕ್ಕೆ ಬಂದ ಮೇಲೆ ನಾನು ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಮೊದಲು ಎದುರಾದದ್ದು ಒಂದೇ ಪ್ರಶ್ನೆ: "ನೀವು ಯಾರ ಕಡೆಯೋರಮ್ಮ?"

ಟ್ಯಾಲಿ ಬರುತ್ತದಾ ಅನ್ನುವುದು ಆಮೇಲಿನ ಮಾತು. ಎಷ್ಟೋ ಕಡೆ ಅದನ್ನು ಕೇಳುವ ತನಕ ಮಾತು ಮುಂದುವರಿಯಲೇ ಇಲ್ಲ. ನಾನು ಯಾರ ಕಡೆಯವಳೂ ಅಲ್ಲ ಎಂದು ಗೊತ್ತಾದ ಕೂಡಲೇ ಎದುರಿನವರ ಮುಖದಲ್ಲಿ ಒಂದು ತರಹದ ನಯ ಬರುತ್ತದೆ. "ನಂಬರ್ ಕೊಟ್ಟು ಹೋಗಿ, ಬೇಕಾದ್ರೆ ಫೋನ್ ಮಾಡ್ತೀವಿ." ಬೈದು ಕಳಿಸಿದರೆ ಇದಕ್ಕಿಂತ ಮೇಲು.

ಹಾಗಾಗಿ ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕೆಲಸ ಕೊಡಿಸಬೇಡಿ, ಪರಿಚಯ ಮಾಡಿಸಿಕೊಡಿ. ತಿಂಗಳಿಗೊಮ್ಮೆ, ಗೊತ್ತುಮಾಡಿದ ಒಂದು ದಿನ, ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದ ಹೆಸರಿನಲ್ಲಿ ಈ ಊರಿನ ಅಂಗಡಿಯವರು, ನರ್ಸಿಂಗ್ ಹೋಮಿನವರು, ಖಾಸಗಿ ಶಾಲೆಯವರು, ಕಾಫಿ ಕ್ಯೂರಿಂಗಿನವರು, ಆಡಿಟರುಗಳು ಇವರನ್ನೆಲ್ಲ ಒಂದು ಹಾಲಿಗೆ ಕರೆಸಿ. ಹೊಸದಾಗಿ ಬಂದವರನ್ನೂ ಕರೆಸಿ. ಎದುರುಬದುರು ಕೂರಿಸಿ. ನಮ್ಮ ದಾಖಲೆ ನೋಡಿ, "ಇವರ ಓದು, ಹಿಂದಿನ ಕೆಲಸ ಪರಿಶೀಲಿಸಿದ್ದೇವೆ, ಸರಿ ಇದೆ" ಎಂದು ಸೀಲು ಹಾಕಿದ ಒಂದು ಕಾಗದ ಕೊಡಿ. ಇಷ್ಟೇ.

ನಿಯಮಗಳು ತಮಗೆ ನನಗಿಂತ ಚೆನ್ನಾಗಿ ಗೊತ್ತು. 25 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆ ತನ್ನಲ್ಲಿ ಖಾಲಿಯಾದ ಹುದ್ದೆಯನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರಲ್ಲೇ ಕಾಯ್ದೆ ಬಂತು. ತಿಳಿಸಿದರೆ ಸಾಕು, ಅಲ್ಲಿಂದಲೇ ಆಳು ತೆಗೆದುಕೊಳ್ಳಬೇಕೆಂದೇನೂ ಇರಲಿಲ್ಲ. ಅಷ್ಟು ಮೆತ್ತಗಿನ ಕಾಯ್ದೆ. ಅದೂ ಹೋಗಲಿ, ನನಗೆ ಕೆಲಸ ಸಿಗಬಹುದಾದ ಜಾಗಗಳಲ್ಲಿ 25 ಜನ ಎಲ್ಲಿರುತ್ತಾರೆ? ಐದು ಜನರ ಅಂಗಡಿಗೆ ಆಳು ಬೇಕಾದಾಗ ಅದು ತಿಳಿಯುವುದು ಮಾಲೀಕರ ಬೀಗರಿಗೆ, ಎದುರಂಗಡಿಯವರಿಗೆ, ಜತೆಗೆ ವಾಕಿಂಗ್ ಹೋಗುವವರಿಗೆ. ಆ ವಾಕಿಂಗಿನಲ್ಲಿ ಮುದ್ದೇಬಿಹಾಳದವರು ಇರುವುದಿಲ್ಲ.

ಆನ್‌ಲೈನ್ ಇದೆಯಲ್ಲ ಅನ್ನಬಹುದು. ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ಅದರಲ್ಲಿ ನನ್ನ ಹೆಸರಿದೆ. 2021ರಲ್ಲಿ ಇ-ಶ್ರಮ್ ಬಂತು, ಅದರಲ್ಲೂ ಇದೆ. ಹನ್ನೆರಡು ಅಂಕಿಯ ನಂಬರು ಬಂದಿದೆ, ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಿಟ್ಟಿದ್ದೇನೆ. ಆ ಕಾರ್ಡು ತೋರಿಸಿದಾಗ ಪೇಟೆಯ ಅಂಗಡಿಯವರೊಬ್ಬರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೆಲ್ಲ ಇರ್ಲಿ, ಇಲ್ಲಿ ಗೊತ್ತಿರೋರು ಯಾರಿದ್ದಾರೆ?" ಎಂದರು. ಉದ್ಯೋಗ ಮೇಳಗಳಿಗೂ ಹೋಗಿದ್ದೇನೆ. ಅಲ್ಲಿ ಟೇಬಲ್ ಹಾಕಿ ಕೂತವರಲ್ಲಿ ಹೆಚ್ಚಿನವರು ಬೆಂಗಳೂರಿಗೆ ಬನ್ನಿ ಅನ್ನುವವರು. ಗಂಡ ಹಾಸನದ ಡಿಪೋದಲ್ಲಿ, ಮಕ್ಕಳು ಹಾಸನದ ಶಾಲೆಯಲ್ಲಿ, ನಾನು ಬೆಂಗಳೂರಿನ ಪಿ.ಜಿ.ಯಲ್ಲಿ! ಬಿ.ಎಂ. ರಸ್ತೆಯ ಅಂಗಡಿಯವರು, ಆರ್.ಸಿ. ರಸ್ತೆಯ ಆಡಿಟರು ಮೇಳಕ್ಕೆ ಬಂದದ್ದನ್ನು ನಾನಂತೂ ನೋಡಲಿಲ್ಲ. ಅವರಿಗೆ ಮೇಳದ ಅಗತ್ಯವೇ ಇಲ್ಲ, ಪರಿಚಯದವರು ಇದ್ದಾರೆ.

ಈಗ ಆ ಒಂದು ಸಂಗತಿ ಹೇಳಲೇಬೇಕು. ಈ ಪತ್ರಕ್ಕೆ ಕಾರಣವೂ ಅದೇ. ಅಂಗಡಿಯ ಹೆಸರು ಬರೆಯುವುದಿಲ್ಲ.

ಅದೊಂದು ದೊಡ್ಡ ಸಗಟು ಅಂಗಡಿ. ಮಾರ್ಚ್ ತಿಂಗಳು, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಇದ್ದ ಅಕೌಂಟೆಂಟ್ ಕೆಲಸ ಬಿಟ್ಟು ಹೋಗಿದ್ದ. ಅವತ್ತು ಮಾತ್ರ ನಾನು ಯಾರ ಕಡೆಯವಳು ಎಂದು ಯಾರೂ ಕೇಳಲಿಲ್ಲ. "ಬೆಳಿಗ್ಗೆ ಬಂದ್ಬಿಡಮ್ಮ" ಎಂದರು. ಫೈಲಿಗೆ ಬೇಕು ಎಂದು ನನ್ನ ಅಸಲಿ ಅಂಕಪಟ್ಟಿಗಳನ್ನು ಇಸಿದುಕೊಂಡರು. ಖರೀದಿ ಪುಸ್ತಕಕ್ಕೂ ಜಿಎಸ್‌ಟಿ ಪೋರ್ಟಲಿನ 2ಬಿಗೂ, ಅಂದರೆ ಸರಬರಾಜುದಾರರು ತೋರಿಸಿದ ಬಿಲ್ಲುಗಳ ಪಟ್ಟಿಗೂ, ತಾಳೆಯೇ ಇರಲಿಲ್ಲ. ಸರಬರಾಜುದಾರರ ಜಿಎಸ್‌ಟಿ ನಂಬರುಗಳನ್ನು ತಪ್ಪು ಹೊಡೆದಿದ್ದರು, ಎರಡೆರಡು ಸಲ ಹತ್ತಿದ ಬಿಲ್ಲುಗಳಿದ್ದವು, ಬರಬೇಕಾದ ತೆರಿಗೆ ಜಮೆಯನ್ನು ಕೇಳಿಯೇ ಇರಲಿಲ್ಲ. ರಾತ್ರಿ ಎಂಟರವರೆಗೆ ಕೂತು ಒಂದೊಂದೇ ಬಿಡಿಸಿದೆ. ಮಾಲೀಕರು ಖುಷಿಯಾಗಿ ಎಲ್ಲರಿಗೂ ಮಸಾಲೆದೋಸೆ ತರಿಸಿದರು. ನಾನೂ ತಿಂದೆ. ಕೊನೆಗೂ ಈ ಊರಲ್ಲಿ ಒಂದು ನೆಲೆ ಸಿಕ್ಕಿತು ಅಂದುಕೊಂಡೆ.

ಸಂಬಳದ ದಿನ ಬಂತು. "ಇಬ್ಬರು ಜಾಮೀನು ಬೇಕಲ್ಲಮ್ಮ. ಹಾಸನದಲ್ಲಿ ಸ್ವಂತ ಮನೆ ಇರೋರು. ನಿಮ್ಮ ಕಡೆಯೋರು ರಾತ್ರೋರಾತ್ರಿ ಊರಿಗೆ ಹೋಗ್ಬಿಟ್ರೆ ನಾವು ಎಲ್ಲಿ ಹುಡುಕೋದು?" ಕ್ಯಾಶ್ ಕೌಂಟರಿಗೆ ನಾನು ಕೈ ಇಟ್ಟವಳಲ್ಲ, ಕೂತದ್ದು ಕಂಪ್ಯೂಟರ್ ಮುಂದೆ. ಜಾಮೀನು ತರುವ ತನಕ ಸಂಬಳ ನಿಂತಿತು. ಹಾಸನದಲ್ಲಿ ಸ್ವಂತ ಮನೆ ಇರುವ ಇಬ್ಬರು ನನಗೆ ಗೊತ್ತಿದ್ದರೆ ನಾನು ಆ ಅಂಗಡಿಗೆ ಯಾಕೆ ಹೋಗುತ್ತಿದ್ದೆ, ಹೇಳಿ?

ಇಷ್ಟರಲ್ಲಿ ಅವರ ಸಂಬಂಧಿಕರ ಹುಡುಗನೊಬ್ಬ ಬಂದ. "ಇವನಿಗೆ ಸ್ವಲ್ಪ ಟ್ಯಾಲಿ ಹೇಳ್ಕೊಡಿ" ಎಂದರು. ಹೇಳಿಕೊಟ್ಟೆ. ವೋಚರ್ ಅಂದರೇನು, ಲೆಡ್ಜರ್ ಯಾವ ಗುಂಪಿಗೆ ಸೇರುತ್ತದೆ, ಎಲ್ಲವನ್ನೂ. ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕಲಿತ ಮೇಲೆ ನನಗೆ, "ಬೇಜಾರ್ ಮಾಡ್ಕೋಬೇಡಿ, ನಮ್ಮವನೇ ಇದ್ದಾನಲ್ಲ" ಎಂದರು. ಅವನಿಗೆ ಯಾರ ಜಾಮೀನು ಎಂದು ನಾನು ಕೇಳಲಿಲ್ಲ, ಕೇಳುವಂಥದ್ದೇನೂ ಇರಲಿಲ್ಲ.

ಅಂಕಪಟ್ಟಿ ಕೇಳಿದರೆ ನಾಳೆ, ನಾಳಿದ್ದು. ಬೀರುವಿನ ಕೀ ಮನೆಯಲ್ಲಿದೆ. ಸಾಹುಕಾರರು ಮದುವೆಗೆ ಹೋಗಿದ್ದಾರೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೇಮಕಾತಿ ಪತ್ರ ಕೊಡಬೇಕೆಂದಿರುವುದು ತಮಗೆ ಗೊತ್ತೇ ಇದೆ. ನನ್ನ ಕೈಯಲ್ಲಿ ಅಂಥ ಪತ್ರ ಇರಲಿಲ್ಲ. ಅಲ್ಲಿ ದುಡಿದೆ ಅನ್ನುವುದಕ್ಕೆ ಸಾಕ್ಷಿ ಆ ದೋಸೆ ಒಂದೇ. ಕಡೆಗೆ ನಮ್ಮ ಮನೆಯವರ ಜತೆಯ ಕಂಡಕ್ಟರೊಬ್ಬರಿಗೆ ಆ ಮಾಲೀಕರ ತಮ್ಮನನ್ನು ಬಲ್ಲ ಒಬ್ಬರ ಪರಿಚಯ ಇತ್ತು. ಅವರು ಒಂದು ಫೋನ್ ಮಾಡಿದರು. ಅವತ್ತು ಸಂಜೆಯೇ ಅಂಕಪಟ್ಟಿ ಕೈಗೆ ಬಂತು, ಅರ್ಧ ಸಂಬಳವೂ ಬಂತು. ನನ್ನದೇ ಅಂಕಪಟ್ಟಿ, ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯದ ಸೀಲಿದೆ, ಕುಲಸಚಿವರ ಸಹಿ ಇದೆ. ಅದು ನನ್ನ ಕೈಗೆ ವಾಪಸ್ ಬರಲು ಮಾತ್ರ ಯಾರದೋ ತಮ್ಮನ ಯಾರೋ ಬೇಕಾಯಿತು.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ. ಅಲ್ಲೂ ಪಾಸಿನವರಿಗೆ ಬೇರೆ ದಾರಿ ಇದೆ, ದೊಡ್ಡವರ ಕಾರುಗಳು ಬರುತ್ತವೆ, ಆ ಗದ್ದಲ ತಮಗೆ ಹೊಸದಲ್ಲ. ಆದರೂ ಧರ್ಮದರ್ಶನ ಎಂದು ಒಂದು ಸಾಲಿದೆ. ಯಾರ ಪರಿಚಯವೂ ಇಲ್ಲದವರು ಬಂದು ನಿಂತರೆ, ಎಷ್ಟು ತಾಸಾದರೂ ಆಗಲಿ, ದೇವಿಯ ಮುಂದೆ ಹೋಗಿ ನಿಲ್ಲುತ್ತಾರೆ. ಈ ಊರಲ್ಲಿ ಕೆಲಸ ಹುಡುಕುವವರಿಗೆ ಇರುವುದು ಪಾಸಿನ ದಾರಿ ಮಾತ್ರ. ನಿಲ್ಲಲು ನಾವು ತಯಾರಿದ್ದೇವೆ, ಸಾಲೇ ಇಲ್ಲ.

"ಜನರ ಜತೆ ಬೆರೆಯಿರಿ, ಪರಿಚಯ ತಾನಾಗಿ ಆಗುತ್ತೆ" ಎಂದು ಬುದ್ಧಿ ಹೇಳಿದವರು ಬಹಳ. ಬೆರೆತೆ. ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಕೊನೆಯವರೆಗೆ ಕೂತೆ. ಬೀದಿಯ ಗಣಪತಿ ಚಂದಾದ ಲೆಕ್ಕ ಬರೆದುಕೊಟ್ಟೆ, ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದಂತೆ. ಸ್ವಸಹಾಯ ಸಂಘಕ್ಕೆ ಸೇರಲು ಹೋದೆ, ಅವರಲ್ಲಿ ಎಲ್ಲರೂ ಒಂದೇ ಬೀದಿಯಲ್ಲಿ ಹತ್ತಾರು ವರ್ಷ ಇದ್ದವರು. ಮನೆ ಖಾಲಿ ಮಾಡಿಕೊಂಡು ಹೋಗುವ ಬಾಡಿಗೆಯವಳಿಗೆ ಸಾಲದ ಹೊಣೆ ಯಾರು ಹೊರುತ್ತಾರೆ ಎಂದು ನೇರವಾಗಿಯೇ ಕೇಳಿದರು. ಅವರ ಮಾತಿನಲ್ಲಿ ಸುಳ್ಳೇನಿದೆ? ಪಕ್ಕದ ಕಿರಾಣಿಯವರಿಗೆ ಪುಕ್ಕಟೆ ರಿಟರ್ನ್ ಹಾಕಿಕೊಟ್ಟೆ. ಅವರೊಬ್ಬರು ಮಾತ್ರ ಇನ್ನಿಬ್ಬರಿಗೆ ನನ್ನ ಹೆಸರು ಹೇಳಿದ್ದಾರೆ. ಈಗ ಮನೆಯಲ್ಲಿ ಕೂತು ಆ ಮೂರು ಅಂಗಡಿಯ ಲೆಕ್ಕ ಬರೆಯುತ್ತೇನೆ, ತರಕಾರಿ ಖರ್ಚು ಹೊರಡುತ್ತದೆ.

ನಮ್ಮ ಕಡೆಯವರು ಇಲ್ಲಿ ಇಲ್ಲವೆಂದಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಚಾಲಕರು, ನಿರ್ವಾಹಕರು, ಅವರ ಮನೆಯ ಹೆಣ್ಣುಮಕ್ಕಳು ಇದ್ದೇವೆ. ಎಳ್ಳು ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಮಾಡಿಕೊಂಡು ಒಂದು ಕಡೆ ಸೇರಿ ಉಣ್ಣುತ್ತೇವೆ. ಜ್ವರ ಬಂದರೆ ಗಂಜಿ ತಂದುಕೊಡುವವರು ಇವರೇ. ಆದರೆ ಕೆಲಸದ ಸುದ್ದಿ ನಮ್ಮೊಳಗೆ ಹುಟ್ಟುವುದಿಲ್ಲ. ಅವಳಿಗೆ ಗೊತ್ತಿರುವವರೇ ನನಗೂ ಗೊತ್ತಿರುವವರು. ಎಲ್ಲರೂ ಬಾಡಿಗೆ ಮನೆಯವರು, ಜಾಮೀನಿಗೆ ಒಬ್ಬರೂ ಆಗಿಬರುವುದಿಲ್ಲ. ಕೆಲಸ ಸಿಗುವುದು ಮುಖಪರಿಚಯದವರಿಂದ, ಅವರ ಪರಿಚಯದವರಿಂದ. ಆ ಎರಡನೇ ಸುತ್ತಿಗೆ ನಮ್ಮನ್ನು ದಾಟಿಸುವವರು ಬೇಕು. ಅದಕ್ಕೇ ಮತ್ತೆ ಹೇಳುತ್ತೇನೆ, ಪರಿಚಯ ಮಾಡಿಸಿಕೊಡಿ.

ಹೊರರಾಜ್ಯದಿಂದ ಬರುವ ಕಾರ್ಮಿಕರಿಗೆ 1979ರ ಕಾಯ್ದೆ ಬಂತು. ಅದು ಅವರಿಗೆ ಎಷ್ಟು ದಕ್ಕಿತು ಅನ್ನುವುದು ಬೇರೆ ವಿಷಯ. ಸಕಲೇಶಪುರದ ತೋಟಗಳಿಗೆ ಅಸ್ಸಾಮಿನಿಂದ ಬಂದವರಿಗೆ ಪರಿಚಯ ಅಂದರೆ ಕರೆತಂದ ಮೇಸ್ತ್ರಿ, ಅವನು ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಅವರ ಕಷ್ಟ ನನ್ನದಕ್ಕಿಂತ ದೊಡ್ಡದು. ನಮ್ಮ ಪಾಡು ಇನ್ನೊಂದು ತರಹ: ರಾಜ್ಯ ದಾಟಿಲ್ಲ, ಹಾಗಾಗಿ ವಲಸಿಗರಲ್ಲ. ಈ ಊರಲ್ಲಿ ಹುಟ್ಟಿಲ್ಲ, ಹಾಗಾಗಿ ಇಲ್ಲಿಯವರೂ ಅಲ್ಲ. ಮನೆ ಓನರ್ ಕರಾರುಪತ್ರ ಬರೆದುಕೊಡುವುದಿಲ್ಲ, ಹಾಗಾಗಿ ನನ್ನ ಆಧಾರ್ ವಿಳಾಸ ಇನ್ನೂ ಬದಲಾಗಿಲ್ಲ. ಮತ ಇನ್ನೂ ಊರಲ್ಲೇ ಇದೆ, ಆದ್ದರಿಂದ ಇಲ್ಲಿನ ಯಾವ ಮುಖಂಡರಿಗೂ ನಾನು ಬೇಕಾಗಿಲ್ಲ. ಅದಕ್ಕೇ ಈ ಪತ್ರವನ್ನು ಮತ ಕೇಳಿಕೊಂಡು ಬರದ ತಮಗೆ ಬರೆಯುತ್ತಿದ್ದೇನೆ.

ಹಿಂದೊಮ್ಮೆ ಇದೇ ಮಾತನ್ನು ಅರ್ಜಿ ಬರೆದು ಒಂದು ಕಚೇರಿಗೆ ಕೊಟ್ಟಿದ್ದೆ. ಬಹಳ ದಿನದ ಮೇಲೆ ಹಿಂಬರಹ ಬಂತು: ಸೂಕ್ತ ಕ್ರಮಕ್ಕಾಗಿ ಸಂಬಂಧಿಸಿದ ಕಚೇರಿಗೆ ಕಳುಹಿಸಲಾಗಿದೆ. ಆ ಸಂಬಂಧಿಸಿದ ಕಚೇರಿಗೆ ಹೋದರೆ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ನನ್ನ ಅರ್ಜಿಗಾದರೂ ಎರಡು ಕಚೇರಿಗಳ ಪರಿಚಯವಾಯಿತು.

ತಾವು ಮನಸ್ಸು ಮಾಡಿದರೆ ಇದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ, ಬೆಂಗಳೂರಿನ ಆದೇಶವೂ ಬೇಡ. ಹಾಲ್ ಇದೆ, ಕುರ್ಚಿ ಇವೆ. ವರ್ತಕರ ಸಂಘದವರು, ಹೋಟೆಲ್ ಮಾಲೀಕರು, ಶಾಲೆಗಳ ಆಡಳಿತ ಮಂಡಳಿಯವರು ತಾವು ಕರೆದರೆ ಬರುತ್ತಾರೆ, ನಾನು ಕರೆದರೆ ಬರುವುದಿಲ್ಲ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಈಗಾಗಲೇ ಆನ್‌ಲೈನಿನಲ್ಲಿ ಸಿಗುತ್ತದೆ. ಸ್ವಂತ ಮನೆಯ ಇಬ್ಬರು ಜಾಮೀನುದಾರರ ಬದಲು ಅದನ್ನೂ ತಮ್ಮ ಸೀಲಿನ ಕಾಗದವನ್ನೂ ಒಪ್ಪಿಕೊಳ್ಳಿ ಎಂದು ಮಾಲೀಕರಿಗೆ ಒಂದು ಮಾತು ಹೇಳಿ. ಕೆಲಸ ಕೊಡುವುದು ಬಿಡುವುದು ಅವರಿಷ್ಟ. ನನಗಿಂತ ಚೆನ್ನಾಗಿ ಲೆಕ್ಕ ಬರೆಯುವವರು ಇದ್ದರೆ ಅವರನ್ನೇ ತೆಗೆದುಕೊಳ್ಳಲಿ, ನಾನು ತಕರಾರು ಮಾಡುವವಳಲ್ಲ. ಪರಿಚಯ ಮಾಡಿಸಿಕೊಡಿ, ಅಷ್ಟೇ.

ದಯವಿಟ್ಟು ಇನ್ನೊಂದು ಹಿಂಬರಹ ಕಳಿಸಬೇಡಿ. ಯಾವ ತಿಂಗಳಿಂದ, ಯಾವ ದಿನ, ಯಾವ ಜಾಗದಲ್ಲಿ ಎಂದು ತಿಳಿಸಿ. ಮಾಲೀಕರ ಪಟ್ಟಿ ಮಾಡಲು, ಅವರಿಗೆ ಪತ್ರ ಬರೆಯಲು ಸಿಬ್ಬಂದಿ ಕೊರತೆ ಎಂದಾದರೆ ಅದನ್ನೂ ತಿಳಿಸಿ, ನಾನೇ ಬಂದು ಕೂತು ಮಾಡಿಕೊಡುತ್ತೇನೆ. ಜಾಮೀನು ಮಾತ್ರ ಕೇಳಬೇಡಿ.

ಇಂತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಬಾಡಿಗೆ ಮನೆಯವಳು
(ಹೆಸರು ಹಾಕಿದರೆ ಇರುವ ಮೂರು ಅಂಗಡಿಯ ಲೆಕ್ಕವೂ ಕೈಬಿಟ್ಟೀತು. ಕ್ಷಮಿಸಿ.)